ಸಾಕ್ಷಿ ಪಟ್ಟೆ

ಪ್ರೀತಿಯ ಗುಲ್ಸುಮ್ ಅಕ್ಕ,

“ಸಾಕ್ಷಿಗೂ ಹಸಿವಾಗಲ್ವಾ?” ಅಂದಿರೋ, “ಸಾಕ್ಷಿಗೂ ನೋವಾಗಲ್ವಾ?” ಅಂದಿರೋ? ನಮ್ಮ ತುರ್ಕಿ ಭಾಷೆಯಲ್ಲಿ ಆ ಎರಡು ಮಾತುಗಳ ನಡುವೆ ಇರುವುದು ಒಂದಕ್ಷರದ ಅಂತರ. ಶುಕ್ರವಾರ ನಿಮ್ಮ ಹೊಲದ ಬದುವಿನ ಮೇಲೆ ಗಾಳಿ ಜೋರಾಗಿತ್ತು, ನಮ್ಮ ಕೃಷಿ ಸಂಶೋಧನಾ ಕೇಂದ್ರದ ಜೀಪು ಬೇರೆ ಗುರುಗುಟ್ಟುತ್ತಿತ್ತು. ನನಗೆ ಕವಿತೆ ಓದುವ ಚಟ. ಒಂದು ಸಾಲು ಅರೆಬರೆ ನೆನಪಾದರೆ ಇಡೀ ದಿನ ಒದ್ದಾಡುತ್ತೇನೆ. ಈ ಸಾಲನ್ನಂತೂ ಹೇಗೆ ಹೇಳಿಕೊಂಡರೂ ಅದು ನನ್ನತ್ತಲೇ ಬೆರಳು ತೋರಿಸುತ್ತದೆ.

ನಿಮ್ಮ ಹೊಲದ ಆ ಪ್ರಯೋಗದ ಪಟ್ಟೆಗೆ ‘ಸಾಕ್ಷಿ’ ಎಂಬ ಹೆಸರು ನಾನಿಟ್ಟದ್ದಲ್ಲ. ಪ್ರಯೋಗ ಮಾಡುವವರೆಲ್ಲ ಹಾಗೇ ಕರೆಯುತ್ತಾರೆ. ಕೋನ್ಯಾದ ಈ ಬಯಲಿನ ಮಣ್ಣಿನಿಂದ ಗೋಧಿಗೆ ಸಾಕಷ್ಟು ಸತು ದಕ್ಕುವುದಿಲ್ಲ. ಬರೀ ಯೂರಿಯಾ ಹಾಕಿದರೆ ಎಲೆಗೆ ಕಂದು ಚುಕ್ಕೆ ಬಿದ್ದು ಪೈರು ಗಿಡ್ಡವಾಗುತ್ತದೆ. ಅದೇ ಯೂರಿಯಾದ ಜೊತೆ ಸತು ಸೇರಿಸಿದರೆ ತಲೆ ಎತ್ತುತ್ತದೆ. ಇದನ್ನು ತೋರಿಸಿಕೊಡಲು ಪಕ್ಕದಲ್ಲೇ ಒಂದು ಪಟ್ಟೆಯನ್ನು ಸತುವಿಲ್ಲದೆ ಬಿಡಬೇಕು. ಬಿತ್ತನೆಗೆ ಮುಂಚೆ ನಿಮ್ಮ ಅಂಗಳದಲ್ಲಿ ಕೂತು ಇದನ್ನೆಲ್ಲ ಹೇಳಿದಾಗ, ಸತುವಿನ ಲೇಪ ಹೊದ್ದ ಯೂರಿಯಾ ಕಾಳುಗಳನ್ನು ಅಂಗೈಯಲ್ಲಿ ಉರುಳಿಸಿ, “ಅಯ್ಯೋ, ಮದುವೆ ಮನೆ ಮಿಠಾಯಿ ಥರ ಐತಲ್ಲ ಟೀಚರಮ್ಮ! ಗೋಧಿಗೆ ಇಷ್ಟು ಮುದ್ದು ಮಾಡ್ತೀಯ, ನಮ್ಮನ್ನ ಯಾರು ಕೇಳ್ತಾರೆ?” ಎಂದು ನಕ್ಕಿದ್ದಿರಿ.

ಯಾವ ಪಟ್ಟೆಗೆ ಸತು ಬೇಡವೆಂದು ಚೀಟಿ ಎತ್ತಿದ್ದೂ ನೀವೇ. ಸಾಕ್ಷಿಯ ಚೀಟಿ ರಸ್ತೆ ಪಕ್ಕದ ಪಟ್ಟೆಗೆ ಬಂತು. ಸತು ಉಂಡ ಪಟ್ಟೆ ಪಾಪ್ಲರ್ ಮರಗಳ ಹಿಂದೆ ಮರೆಯಾಯಿತು. “ಇನ್ನೊಂದ್ಸಲ ಎತ್ಲಾ? ಊರೆಲ್ಲ ಓಡಾಡೋ ದಾರಿ ಕಣಮ್ಮ ಅದು” ಎಂದು ಕೇಳಿದಿರಿ. ಹಾಗೆಲ್ಲ ಆಗುವುದಿಲ್ಲ ಎಂದು ನಾನು ನಿಮ್ಮ ರೊಟ್ಟಿ ಮುರಿದುಕೊಂಡು ತಿಂದೆ.

ವಸಂತ ಬಂದ ಮೇಲೆ ಆ ದಾರಿಯಲ್ಲಿ ಹೋದವರೆಲ್ಲ ನಿಂತು ನೋಡಿದರು. ಚಹಾ ಅಂಗಡಿಯಲ್ಲಿ “ಗುಲ್ಸುಮ್‌ ಗೋಧಿಗೆ ಕಾಮಾಲೆ ಬಂದೈತೆ” ಎಂದು ನಗೆಯಾಡಿದರಂತೆ. ನಗೆಯಷ್ಟೇ ಆಗಿದ್ದರೆ ನೀವು ತಿರುಗಿ ಎರಡು ಮಾತು ಎಸೆದು ಸುಮ್ಮನಾಗುತ್ತಿದ್ದಿರಿ. ಆದರೆ ನಿಮ್ಮ ಯಜಮಾನರು ತೀರಿಕೊಂಡ ಲಾಗಾಯ್ತು ಈ ಹೊಲದ ಮೇಲೆ ಕಣ್ಣಿಟ್ಟಿದ್ದ ಮೈದುನ ಹಿದಾಯೆತ್‌ಗೆ ನನ್ನ ಪಟ್ಟೆ ಒಂದು ನೆಪವಾಯಿತು. ಶುಕ್ರವಾರ ನಮಾಜು ಮುಗಿಸಿದ ಹಿರಿಯರನ್ನು ಕರೆತಂದು ಬದುವಿನ ಮೇಲೆ ನಿಲ್ಲಿಸಿದ. “ನೋಡ್ರಪ್ಪಾ, ಹೆಂಗಸಿನ ಕೈಗೆ ಭೂಮಿ ಕೊಟ್ರೆ ಹಿಂಗೇ. ಮರದ ಹಿಂದಿಂದು ಚೆನ್ನಾಗೈತೆ ಅಂದ್ರೆ, ಅದು ನಮ್ಮಣ್ಣ ಹದ ಮಾಡಿಟ್ಟ ಮಣ್ಣು!”

“ಇದಕ್ಕೆ ಸತು ಹಾಕಿಲ್ಲ, ಟೀಚರಮ್ಮನೇ ಬೇಡ ಅಂದಿದ್ದು” ಎಂದಿರಿ ನೀವು. ಊರ ಮುಖಂಡ ವೇಲಿ ನನ್ನ ಕಡೆ ತಿರುಗಿ, “ಹೌದೇನಮ್ಮಾ?” ಎಂದರು.

“ಕೊಯ್ಲಾಗಲಿ, ತೂಕ ಹಾಕಿದ ಮೇಲೆ ಹೇಳ್ತೀವಿ” ಎಂದೆ ನಾನು.

ಫಲಿತಾಂಶವನ್ನು ಮುಂಚೆಯೇ ಹೇಳಬಾರದೆಂಬ ನಿಯಮ ನಮಗಿದೆ, ನಿಜ. ಆದರೆ ವೇಲಿ ಕೇಳಿದ್ದು ಫಲಿತಾಂಶವನ್ನಲ್ಲ ಅಕ್ಕ. ಆ ಪೈರಿಗೆ ಸತು ಕೊಡದೆ ಬಿಟ್ಟದ್ದು ಯಾರು ಎಂದಷ್ಟೇ. ‘ನಾನು’ ಎಂದರೆ ಮುಗಿಯುತ್ತಿತ್ತು. ಬೇಕೆಂದೇ ಪೈರನ್ನು ಸೊರಗಿಸಿದ್ದಾಳೆ ಎಂದು ಊರು ತಿರುಗಿಬಿದ್ದರೆ ಪಟ್ಟೆಯೇ ಉಳಿಯುವುದಿಲ್ಲ ಎಂದು ಹೆದರಿದೆ. ಪಟ್ಟೆ ಉಳಿಸಿಕೊಳ್ಳಲು ನಿಮ್ಮನ್ನು ಬಿಟ್ಟುಕೊಟ್ಟೆ. ಕೊಯ್ಲಾದ ಮೇಲೆ ಹೊಲ ಹಿದಾಯೆತ್ ನೋಡಿಕೊಳ್ಳಲಿ ಎಂದು ಹಿರಿಯರು ಅಲ್ಲೇ ಮಾತು ಮುಗಿಸಿದರು. ನೀವು ಆ ಸಾಲು ಹೇಳಿದ್ದು ಆಗಲೇ, ನನ್ನ ಮುಖ ನೋಡದೆ, ಒಂದು ಗಿಡ್ಡ ತೆನೆಯನ್ನು ಸವರುತ್ತಾ. ನಾನು ಜೀಪು ಹತ್ತಿದೆ.

ಬರೀ ಕ್ಷಮೆ ಕೇಳಲು ಕೂತಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ನಾಚಿಕೆ ಬಿಟ್ಟು ಇನ್ನೊಂದನ್ನೂ ಕೇಳುತ್ತಿದ್ದೇನೆ: ಕೊಯ್ಲಿನವರೆಗೆ ತಡೆದುಕೊಳ್ಳಿ. ಎರಡೂ ಪಟ್ಟೆಯ ಕಾಳು ತೂಗಿದ ದಿನ ಎಲ್ಲರ ಮುಂದೆ ನಾನೇ ನಿಂತು ಹೇಳುತ್ತೇನೆ. ಆಗ ಅಂಕಿಗಳಿರುತ್ತವೆ, ಯಾರೂ ಅಲ್ಲಗಳೆಯಲಾರರು. ಬರೆಯುತ್ತಲೇ ತಿಳಿಯುತ್ತಿದೆ, ನಾನು ಇನ್ನೂ ನಿಮ್ಮ ಪೈರಿನ ಬೆನ್ನ ಹಿಂದೆಯೇ ಅಡಗಿದ್ದೇನೆ.

ನಿಮ್ಮ ಕೈ ಗಟ್ಟಿಯಾಗಿರಲಿ. ದೇವರು ನಿಮ್ಮನ್ನೂ ನಿಮ್ಮ ಹೊಲವನ್ನೂ ಕಾಯಲಿ.

ನಿಮ್ಮೆದುರು ತಲೆ ತಗ್ಗಿಸಿದ,
ನೆರ್ಮಿನ್

ಅಕ್ಕ, ಹೆಸರು ಬರೆದು ಮುಗಿಸಿದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ಪತ್ರವನ್ನು ನಿಮಗೆ ತಲುಪಿಸಲು ಎದುರು ಮನೆಯ ನಜೀಫೆಗೆ ಹೇಳಿದ್ದೆ, ನಿಮ್ಮೂರಿನ ಮಗಳಲ್ಲವೇ. ತವರಿಂದ ಈಗಷ್ಟೇ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ, ನಾನು ಚಾಚಿದ ಲಕೋಟೆಯನ್ನೂ ಮುಟ್ಟಲಿಲ್ಲ. ಇನ್ನು ಇದನ್ನು ನಾನೇ ತರುತ್ತೇನೆ, ನಾಳೆ ಮೊದಲ ಬಸ್ಸಿಗೆ. ವೇಲಿಯವರ ಮನೆಗೆ ಹೋಗಿಯೇ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲಲ್ಲೇ ನಿಂತು ಅವಳು ಹೇಳಿದ್ದು ಇಷ್ಟು:

“ಹಿದಾಯೆತ್ ನಿನ್ನೆ ಆ ಪಟ್ಟೆಗೆ ಕುರಿ ಬಿಟ್ಟವ್ನೆ, ಹೆಂಗೂ ಕೆಟ್ಟಿರೋ ಪೈರು ಅಂತ. ಒಂದು ತೆನೆ ಉಳಿದಿಲ್ಲ. ಗುಲ್ಸುಮಕ್ಕ ನಿಮಗೆ ಹೇಳು ಅಂದ್ರು: ‘ಸಾಕ್ಷೀನ ಕುರಿ ತಿಂದ್ವು. ಇನ್ನು ಉಳ್ದಿರೋಳು ಟೀಚರಮ್ಮ ಒಬ್ಳೇ.’”