ಏಳನೇ ಹಂದಿಯ ಹೊಲಿಗೆ

ದೊಡ್ಡ ಡಾಕ್ಟರಿಗೆ, ಹಂದಿಗೂಡು ನೋಡಿಕೊಳ್ಳುವವನ ನಮಸ್ಕಾರ.

ಸೋಮವಾರ ನೀವು ಹೊಸ ತಂತಿಯ ಪರೀಕ್ಷೆಗೆಂದು ಏಳನೇ ಹಂದಿಯ ಕತ್ತಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕೂರಿಸಿ, ತೊಡೆಯಿಂದ ತಂತಿ ತೂರಿಸಿ ಅದನ್ನು ಎಳೆದು ತೆಗೆದಿರಿ. ತೊಡೆಯ ಕೂದಲು ಬೋಳಿಸಿದವನು ನಾನೇ. ಮಂಗಳವಾರ ಏಳನೇ ನಂಬರಿನ ಹಂದಿ ಗೂಡಿಗೆ ಮರಳಿತು, ಬಕೆಟ್ ಪೂರ್ತಿ ಖಾಲಿ ಮಾಡಿತು. ಸಂತೋಷ. ಆದರೆ ಅದರ ತೊಡೆಯಲ್ಲಿ ಹೊಲಿಗೆಯಿಲ್ಲ, ಕೂದಲು ಹಾಗೇ ಇದೆ. ಕಿವಿಯ ನಂಬರ್ ಬಿಲ್ಲೆಯ ಸುತ್ತ ಮಾತ್ರ ಹಸಿ ರಕ್ತ. ಒಂಬತ್ತನೇ ಹಂದಿಯ ಗೂಡು ಖಾಲಿ.

"ಒಂಬತ್ತು ಎಲ್ಲಿ ಸಾರ್?" ಎಂದಷ್ಟೇ ನಿಮ್ಮ ಸಹಾಯಕರನ್ನು ಕೇಳಿದೆ. "ಏಳು ಸತ್ತಿದೆ ಅಂತ ಯಾರಪ್ಪ ಹೇಳಿದ್ದು ನಿಂಗೆ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಿಮ್ಮ ವರದಿಯಲ್ಲಿ 'ಏಳನೇ ಹಂದಿ ಆರೋಗ್ಯವಾಗಿದೆ' ಎಂಬ ಪುಟಕ್ಕೆ ನನ್ನ ಸಹಿ ಬೇಕಂತೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ನಮ್ಮಪ್ಪನ ಬಲಗೈ ಬಿದ್ದು ಎರಡು ವರ್ಷವಾಯಿತು. ನಿಮ್ಮ ತಂತಿ ಗೆಲ್ಲಲಿ ಎಂದು ನನಗಿಂತ ಹೆಚ್ಚು ಬಯಸುವವರು ಈ ಕಟ್ಟಡದಲ್ಲಿಲ್ಲ.

ನಾಳೆ ಬೆಳಿಗ್ಗೆ ಹಂದಿಯನ್ನು ತೊಳೆದು ನಿಲ್ಲಿಸಿರುತ್ತೇನೆ. ದಯವಿಟ್ಟು ಬಂದು ಹೊಲಿಗೆ ತೋರಿಸಿ, ಅಲ್ಲೇ ಸಹಿ ಹಾಕುತ್ತೇನೆ. ಅಪ್ಪನಿಗೆ ಮತ್ತೆ ಹಾಗಾದರೆ ಅವರ ತಲೆಯೊಳಗೆ ಹೋಗುವುದು ಇದೇ ತಂತಿ. ನಂಬರು ಬದಲಿಸಿ ಮನೆಗೆ ಕರೆತರಲು ನನಗೆ ಇನ್ನೊಬ್ಬ ಅಪ್ಪನಿಲ್ಲ.

ಇಂತಿ,
ನಿಮ್ಮ ಹಂದಿಗೂಡಿನವನು