ಮುದುಕಪ್ಪನ ಹೊಟ್ಟೆಯ ಪರವಾಗಿ

ಅಡುಗೆಮನೆಯ ಚಕ್ರವರ್ತಿನಿಯೂ ಸೌಟುಧಾರಿಣಿಯೂ ಆದ ಅಜ್ಜಿಯವರ ದಿವ್ಯ ಸನ್ನಿಧಾನಕ್ಕೆ, ಅಡ್ಡಬಿದ್ದರೂ ಬಗ್ಗದ ಮೊಮ್ಮಗನ ನಮಸ್ಕಾರಗಳು.

ನಮ್ಮ ನಾಯಿ ಮುದುಕಪ್ಪ ಈ ವಾರ ಮೂರು ಸಲ ಹಾಲ್‌ನಲ್ಲಿ ವಾಂತಿ ಮಾಡಿದ್ದಕ್ಕೆ, ನಾಳೆಯಿಂದ ಅವನು ಚಿಕ್ಕಪ್ಪನ ಗೋದಾಮಿನಲ್ಲಿರಲಿ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಆ ಅಪ್ಪಣೆ ನಡೆಯುವುದಿಲ್ಲ. ಹದಿಮೂರು ವರ್ಷದ ನಾಯಿಗೆ ಹೊಟ್ಟೆ ಕೆಡುವುದು ಅಪರಾಧವಾದರೆ, ಉಂಡೆದ್ದು ಬೀದಿಗೆ ಕೇಳುವಂತೆ ತೇಗುವ ತಾತನನ್ನೂ ಗೋದಾಮಿಗೆ ಕಳಿಸಬೇಕಾಗುತ್ತದೆ. ನಾಯಿ ಡಾಕ್ಟರು ಹೇಳಿದ್ದು ಇಷ್ಟೇ: "ವಯಸ್ಸಾಗಿದೆ ಕಣಪ್ಪ. ಮೆತ್ತಗೆ ಬೆಂದ ಅನ್ನ, ಕುಂಬಳಕಾಯಿ, ಸ್ವಲ್ಪ ಸ್ವಲ್ಪವಾಗಿ ಮೂರು ಹೊತ್ತು ಕೊಡು. ಎಣ್ಣೆ ಪದಾರ್ಥ ಮಾತ್ರ ಮುಟ್ಟಿಸಬೇಡ." ಆದ್ದರಿಂದ ಒಂದು ಸಣ್ಣ ಪಾತ್ರೆಯನ್ನೂ ಒಲೆಯ ಚಿಕ್ಕ ಬರ್ನರನ್ನೂ ದಯಪಾಲಿಸಿ; ಬೇಯಿಸುವುದು, ಒರೆಸುವುದು ಎರಡೂ ನನ್ನ ಪಾಲಿಗಿರಲಿ. ಇಲ್ಲವಾದರೆ ಅವನ ಚಾಪೆಯ ಜೊತೆ ನನ್ನ ಹಾಸಿಗೆಯನ್ನೂ ಗೋದಾಮಿಗೆ ಹೊರಿಸಿ.

ಇಂತಿ ತಮ್ಮ ಅವಿಧೇಯ
ಮೊಮ್ಮಗ

ಬರೆಯಲು ಮನಸ್ಸಿಲ್ಲದ ಒಂದು ಮಾತು: "ನಾನು ಬದನೆಕಾಯಿ ಕರಿದ ದಿನ ನನ್ನ ಬಂಗಾರ ತಟ್ಟೆ ನೆಕ್ಕಿ ಇಡುತ್ತೆ" ಅಂತ ಎಲ್ಲರ ಮುಂದೆ ನನ್ನನ್ನು ಹೊಗಳುತ್ತೀರಲ್ಲ ಅಜ್ಜಿ, ಈ ವಾರ ಮೂರು ಸಲವೂ ಆ ತಟ್ಟೆ ನೆಕ್ಕಿದ್ದು ನಾನಲ್ಲ.