ಮುಚ್ಚಳದ ಕೆಳಗಿನ ಬಿಸಿ

ಸೋಮವಾರ, ಮಧ್ಯಾಹ್ನ

ನನ್ನ ಹಟಮಾರಿ ಅಕ್ಕನಿಗೆ ತಂಗಿಯ ಪ್ರೀತಿಯ ನಮಸ್ಕಾರ,

ಬಿಸಿ ಬಂತು ಕಣೇ. ನೀನು ಹೇಳಿದಷ್ಟೇ ಬಂತು. ಇನ್ನು ಯಾರೂ ನಿನ್ನನ್ನು ಸುಳ್ಳುಗಾತಿ ಅನ್ನುವ ಹಾಗಿಲ್ಲ.

ನೀರಿಗೆ ಕರೆಂಟು ಹಾಯಿಸಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತದೆ ಎಂದು ನೀನು ಬರೆದೆ. ಬೇರೆ ಲ್ಯಾಬಿನವರು ಮಾಡಿ ನೋಡಿ ಕೈಚೆಲ್ಲಿದರು. ನಿಮ್ಮ ಸಂಸ್ಥೆಯ ನಿರ್ದೇಶಕರು ಅಂಕಿ ತಿದ್ದಿದ್ದಾಳೆಂದು ನಿನ್ನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಅಪ್ಪನೂ ಅದನ್ನೇ ನಂಬಿ ನಿನ್ನ ಜೊತೆ ಮಾತು ಬಿಟ್ಟರಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ನಿನ್ನನ್ನು ಒಂದು ಮಾತೂ ಕೇಳದೆ, ನಿನ್ನ ಲೇಖನವನ್ನಷ್ಟೇ ಮುಂದಿಟ್ಟುಕೊಂಡು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅದೇ ಪ್ರಯೋಗ ಶುರು ಮಾಡಿದೆ. ಕೇಳಿದ್ದರೆ ಅಕ್ಕತಂಗಿಯರ ಒಳಸಂಚು ಅನ್ನುತ್ತಿದ್ದರು.

ಮೊದಲ ಸಲವೇ ಬಿಸಿ! ಕುಣಿದಾಡಿಬಿಟ್ಟೆ. ಎದುರು ಮೇಜಿನ ಸಹೋದ್ಯೋಗಿ ಮಾತ್ರ ಬೀಕರಿನ ಮೇಲೆ ತಟ್ಟೆ ಯಾಕೆ ಮುಚ್ಚಿದ್ದೀರಿ ಎಂದು ಕೇಳಿದರು. ಯಾಕೆ ಅಂದರೆ ಏನು ಹೇಳಲಿ? ನಮ್ಮ ಮನೆಯಲ್ಲಿ ಯಾವುದನ್ನು ತೆರೆದಿಟ್ಟಿದ್ದೇವೆ? ಕುಡಿಯುವ ನೀರಿನ ಲೋಟಕ್ಕೂ ತಟ್ಟೆ ಮುಚ್ಚದಿದ್ದರೆ ಅಮ್ಮನ ಬೈಗುಳ ತಪ್ಪುತ್ತಿರಲಿಲ್ಲ. ನನ್ನ ಕೈ ತಾನಾಗಿಯೇ ಮುಚ್ಚಿತ್ತು. ನೀನೂ ಮುಚ್ಚಿದ್ದೆ, ಅಲ್ಲವೇ? ಅದನ್ನು ಬರೆಯಬೇಕೆಂದೇ ನಿನಗೆ ಹೊಳೆದಿಲ್ಲ. ಉಳಿದವರು ಪಾಪ, ಬರೆದದ್ದಷ್ಟನ್ನೇ ಮಾಡಿದರು.

ತಟ್ಟೆ ತೆಗೆದೆ, ಹೆಚ್ಚಿನ ಬಿಸಿ ಮಾಯ. ಮುಚ್ಚಿದೆ, ಮತ್ತೆ ಹಾಜರು. ಕರೆಂಟಿಗೆ ನೀರು ಒಡೆದು ಹುಟ್ಟಿದ, ಹೊರಗೆ ಹಾರಿಹೋದವೆಂದು ನಾವು ಲೆಕ್ಕ ಹಾಕಿದ್ದ ಹೈಡ್ರೋಜನ್, ಆಕ್ಸಿಜನ್ ಎರಡೂ ಮುಚ್ಚಳದ ಕೆಳಗೇ ಉಳಿದು, ಕರೆಂಟು ಹಾಯಿಸುವ ಪ್ಲಾಟಿನಂ ತಂತಿಯ ಬಳಿ ಮತ್ತೆ ಕೂಡಿ ನೀರಾಗುತ್ತಿದ್ದವು. ಬಿಸಿ ಬಂದದ್ದು ಅದರಿಂದ. ಸಿಡಿಯಲಿಲ್ಲವಲ್ಲ, ನಮ್ಮಿಬ್ಬರ ಪುಣ್ಯ. ಹೊಸ ಶಕ್ತಿಯೇನೂ ಅಲ್ಲ ಅಕ್ಕ, ಬೇಜಾರು ಮಾಡಿಕೊಳ್ಳಬೇಡ. ಆದರೆ ನಿನ್ನ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ.

ನಿಮ್ಮ ನಿರ್ದೇಶಕರನ್ನೇ ಕರೆಸಿದೆ. ಅವರು ತಾವೇ ತಟ್ಟೆ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ನೋಡಿದರು. ಕನ್ನಡಕ ಒರೆಸಿಕೊಂಡರು. ಕೊನೆಗೆ ಎಲ್ಲರೆದುರೇ, "ಅವರು ಅಂಕಿ ತಿದ್ದಿರಲಿಲ್ಲ, ತಪ್ಪು ನಂದೇ" ಅಂದರು. ಹಾಗೆಂದು ಸಂಸ್ಥೆಗೆ ಬರೆದೂ ಕೊಟ್ಟಿದ್ದಾರೆ. ನೀನು ಮತ್ತೆ ಕೆಲಸಕ್ಕೆ ಬರಬೇಕಂತೆ. ಹೋಗು, ಆದರೆ ಒಂದೆರಡು ದಿನ ಬೇಕೆಂದೇ ಸತಾಯಿಸು.

ಹೊಸ ಲೇಖನದಲ್ಲಿ ನಿನ್ನ ಹೆಸರೇ ಮೊದಲು. ಜಂಭ ಮಾತ್ರ ನನ್ನ ಪಾಲಿಗಿರಲಿ.

ಇಂತಿ, ಕಾಲು ನೆಲದ ಮೇಲೆ ನಿಲ್ಲದಿರುವ
ನಿನ್ನ ತಂಗಿ

ವಿ.ಸೂ.: ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ವಿಷಯ ತಿಳಿದಾಗಿನಿಂದ ಅಪ್ಪನಿಗೆ ಊಟ ಸೇರಿಲ್ಲ. "ನಾನೇ ಕೊಡ್ತೀನಿ" ಅಂತ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ನಿನ್ನ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಾರಂತೆ. ನೀನಾಗಿ ತೆಗೆಯುವವರೆಗೂ ಬಾಗಿಲು ತಟ್ಟುವುದಿಲ್ಲವಂತೆ.